ಪತಿಯ ರಾತ್ರಿ ಪಹರೆ ಇನ್ನೂ ಮುಗಿದಿಲ್ಲ

ಗೋಕಾಕ ತಾಲೂಕಿನ ಸೋದರಿಯೊಬ್ಬರು ಬರೆದಿದ್ದಾರೆ: ‘ನಮ್ಮ ಮನೆಯವರು ಪಲ್ಟನ್‌ನಿಂದ ಹವಾಲ್ದಾರರಾಗಿ ನಿವೃತ್ತರಾಗಿ ವರ್ಷವಾಯಿತು. ರಾತ್ರಿ ಎರಡೆರಡು ಸಲ ಎದ್ದು ಚಿಲಕ ನೋಡುತ್ತಾರೆ. ಪಟಾಕಿ ಸದ್ದಿಗೆ ಬೆವರುತ್ತಾರೆ. ಮಕ್ಕಳ ಜೊತೆ ಮಾತಿಲ್ಲ, ಕುಡಿತ ಹೆಚ್ಚಾಗಿದೆ. “ಮಿಲಿಟರಿ ಮಂದಿ ಮನಸ್ಸು ಕಲ್ಲಾಗಿರ್ತದವ್ವಾ, ಅದು ಹಂಗಽ” ಅಂತ ಓಣಿಯವರು ಹೇಳುತ್ತಾರೆ. ಹೌದೇ?’

ಅಲ್ಲ ತಂಗಿ. ಸೇನೆ ನಡೆಯುವುದೇ ಭಾವನೆಯ ಬಲದ ಮೇಲೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ಹುಡುಗರನ್ನು ಒಟ್ಟಿಗೆ ಓಡಿಸುವುದು, ಒಟ್ಟಿಗೆ ಉಣ್ಣಿಸುವುದು, ಶಿವಾಜಿ ಮಹಾರಾಜರ ಜಯಘೋಷವನ್ನು ಒಂದೇ ಕೊರಳಲ್ಲಿ ಕೂಗಿಸುವುದು ಎಲ್ಲವೂ ಅದಕ್ಕಾಗಿಯೇ. ಪಲ್ಟನ್ನಿನ ಸಣ್ಣ ತುಕಡಿಯಾದ ಒಂದು ಸೆಕ್ಷನ್ನಿನಲ್ಲಿ ಸುಮಾರು ಹತ್ತು ಜನ. ಗುಂಡು ಹಾರುವಾಗ ಸೈನಿಕನನ್ನು ನಿಲ್ಲಿಸುವುದು ಮುಖ್ಯವಾಗಿ ಆ ಹತ್ತು ಜನರ ಮೇಲಿನ ಮಮತೆ, ಅವರ ಮುಂದೆ ತಲೆ ತಗ್ಗಿಸಬಾರದೆಂಬ ಹಟ. ಹೆದರಿಕೆ ಇದ್ದೇ ಇರುತ್ತದೆ, ಕೈ ಮಾತ್ರ ಕೆಲಸ ಬಿಡದಂತೆ ಪಳಗಿರುತ್ತದೆ. ನಿವೃತ್ತಿಯಾದ ದಿನ ಆ ಹತ್ತು ಜನ ದೂರವಾಗುತ್ತಾರೆ, ಮೈಯ ಎಚ್ಚರ ಮಾತ್ರ ಮನೆಗೆ ಬರುತ್ತದೆ.

ಮೊದಲ ಮಹಾಯುದ್ಧದ ಸೈನಿಕರಲ್ಲಿ ಕಂಡ ಇಂಥ ತೊಂದರೆಯನ್ನು 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’, ಅಂದರೆ ತೋಪಿನ ಗುಂಡಿನ ಆಘಾತ, ಎಂದು ಬರೆದರು. ತೋಪಿನ ಸ್ಫೋಟ ಮೆದುಳಿಗೆ ಪೆಟ್ಟು ಕೊಡುತ್ತದೆಂಬುದು ಆಗಿನ ಊಹೆ. ಸ್ಫೋಟದ ಹತ್ತಿರ ಸುಳಿಯದವರಲ್ಲೂ ಅದೇ ನಡುಕ ಕಂಡಾಗ ಊಹೆ ಬಿತ್ತು. ಅಮೆರಿಕದ ಮನೋವೈದ್ಯರು ಇದನ್ನು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನೋಕ್ಲೇಶ) ಎಂಬ ಹೆಸರಿನಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ನಮ್ಮ ಬಾಗಲಕೋಟೆ ಸೀಮೆಯ ವೀರಗಲ್ಲುಗಳನ್ನೇ ನೋಡಿ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನಿಗೆ ಅಷ್ಟು ಗೌರವ ಕೊಟ್ಟ ನಾವು ಬದುಕಿ ಬಂದವನ ನಿದ್ದೆಯನ್ನು ಕೇಳಲೇ ಇಲ್ಲ, ಇದು ನನಗೆ ನೋವಿನ ಸಂಗತಿ.

ದುಃಸ್ವಪ್ನ, ಬೆಚ್ಚಿಬೀಳುವುದು, ಕೆಲವು ಜಾಗ-ಮಾತುಗಳಿಂದ ತಪ್ಪಿಸಿಕೊಳ್ಳುವುದು, ಮನಸ್ಸು ಮರಗಟ್ಟುವುದು ತಿಂಗಳು ಮೀರಿದರೆ ವೈದ್ಯರ ಹತ್ತಿರ ಹೋಗಲೇಬೇಕು. ನಿಮ್ಮಲ್ಲಿ ವರ್ಷವಾಗಿದೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಬೆಳಗಾವಿಯ ಪಾಲಿಕ್ಲಿನಿಕ್‌ಗೆ ಹೋಗಿ ಮನೋವೈದ್ಯರಿಗೆ ರೆಫರಲ್ ಕೇಳಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ಬರಲು ಅವರು ಒಪ್ಪದಿದ್ದರೆ ನೀವೇ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನೈದು ಭೇಟಿ. ನಡುವೆ ನೆನಪು ಕೆದಕಿ ಕೆಲವು ದಿನ ಹೆಚ್ಚು ಕಷ್ಟವಾಗುತ್ತದೆ, ಬಹಳ ಜನ ಬಿಡುವುದೂ ಅಲ್ಲೇ. ಮಾತ್ರೆ ಕೊಟ್ಟರೆ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ತಾವಾಗಿಯೇ ನಿಲ್ಲಿಸಬಾರದು.

ಮನೆಯಲ್ಲಿ, ಕನಸಿನಲ್ಲಿ ಒದ್ದಾಡುವಾಗ ಭುಜ ಹಿಡಿದು ಅಲುಗಾಡಿಸಬೇಡಿ. ಎಚ್ಚರವಾಗುವ ಮೊದಲೇ ಕೈ ಎದ್ದು ನಿಮಗೆ ಪೆಟ್ಟಾಗಬಹುದು. ದೀಪ ಹಾಕಿ, ಕಾಲ ಕಡೆ ದೂರ ನಿಂತು ಹೆಸರು ಹಿಡಿದು ಕರೆಯಿರಿ, ‘ಮನ್ಯಾಗ ಅದೀರಿ, ನಾನು ಇಲ್ಲೇ ಇದ್ದೀನಿ’ ಎನ್ನಿ. ‘ಅಲ್ಲೇನಾತು, ಎಲ್ಲಾ ಹೇಳ್ರಿ’ ಎಂದು ಒತ್ತಾಯಿಸಬೇಡಿ. ಬಲವಂತವಾಗಿ ಒಮ್ಮೆಲೇ ಹೇಳಿಸುವುದರಿಂದ ಗುಣವಾಗುವುದಿಲ್ಲ. ಪಲ್ಟನ್ನಿನ ಹಳೆಯ ಜೊತೆಗಾರರಿಗೆ ಫೋನ್ ಮಾಡಿಸಿ, ಅವರ ಮುಂದೆ ಮಾತು ತಾನಾಗಿ ಬಂದೀತು.

ಸಾರಾಯಿ ಬೇಗ ನಿದ್ದೆ ತರುತ್ತದೆ, ಆದರೆ ರಾತ್ರಿಯ ಉತ್ತರಾರ್ಧವನ್ನು ಕೆಡಿಸುತ್ತದೆ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಆದ್ದರಿಂದ ಅದನ್ನೂ ವೈದ್ಯರ ನಿಗಾದಲ್ಲೇ ಬಿಡಿಸಿ.

ಸೆಕ್ಯುರಿಟಿ ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ಮನೆಯಲ್ಲಿದ್ದರೆ, ಚಿಕಿತ್ಸೆ ಮುಗಿಯುವವರೆಗೆ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ ರಸೀದಿ ಪಡೆಯಲು ಅವರನ್ನು ಒಪ್ಪಿಸಿ. ‘ನಾನು ಇರಬಾರದಿತ್ತು’ ಎಂಬ ಮಾತು ಒಮ್ಮೆ ಬಂದರೂ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

– ಸಂಪಾದಕ