ಸವಾಲು ಕೂಗುವ ಮುನ್ನ

ಹರಾಜಿಗೆ ಸಂಬಂಧಿಸಿದಂತೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯ ಅಂಕಣಕ್ಕೆ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ನಮ್ಮ ತಂದೆಯವರ ಕಾಲದಲ್ಲಿ ಕೊಬ್ಬರಿಯನ್ನು ಮಂಡಿಯಲ್ಲಿ ಕೂಗಿ ಹರಾಜು ಹಾಕುತ್ತಿದ್ದರು. ಈಗ ಎಲ್ಲವೂ ಇ-ಟೆಂಡರ್. ಯಾವ ವರ್ತಕರು ಎಷ್ಟು ಬರೆದರೆಂಬುದು ಕಣ್ಣಿಗೆ ಕಾಣುವುದಿಲ್ಲ. ಎದುರಾಬದುರು ಕೂಗಿದ್ದರೆ ನಮಗೆ ಹೆಚ್ಚು ಬೆಲೆ ಸಿಗುತ್ತಿರಲಿಲ್ಲವೇ?
— ಕೊಬ್ಬರಿ ಬೆಳೆಗಾರರು, ಅರಸೀಕೆರೆ ತಾಲ್ಲೂಕು

ಉತ್ತರ: ಅನುಮಾನ ಸಹಜವಾದುದೇ, ಆದರೆ ಉತ್ತರ ನೀವು ಎಣಿಸಿದಷ್ಟು ನೇರವಾಗಿಲ್ಲ. ಕೊಳ್ಳುವವರು ಎಷ್ಟು ಕೊಡಲು ಸಿದ್ಧರಿದ್ದಾರೆಂಬುದು ಮಾರುವವರಿಗೆ ಮೊದಲೇ ತಿಳಿದಿದ್ದರೆ ಹರಾಜೇ ಬೇಕಾಗುತ್ತಿರಲಿಲ್ಲ. ಅದು ತಿಳಿಯದ ಕಾರಣಕ್ಕೇ ಅವರನ್ನು ಪೈಪೋಟಿಗೆ ನಿಲ್ಲಿಸಿ ಬೆಲೆಯನ್ನು ಹೊರಡಿಸಬೇಕಾಗುತ್ತದೆ. ಲೆಕ್ಕ ಸುಲಭವಾಗಲೆಂದು ಹೀಗೆ ಇಟ್ಟುಕೊಳ್ಳಿ: ನಿಮ್ಮ ಲಾಟಿಗೆ ಒಬ್ಬ ವರ್ತಕ ಕ್ವಿಂಟಲಿಗೆ 15,000 ರೂಪಾಯಿವರೆಗೆ ಹೋಗಬಲ್ಲ, ಇನ್ನೊಬ್ಬ 14,500ರವರೆಗೆ, ಉಳಿದವರು ಅದಕ್ಕೂ ಕಡಿಮೆ. ಕೂಗಿನ ಹರಾಜಿನಲ್ಲಿ 14,500 ದಾಟಿದ ಕೂಡಲೇ ಎರಡನೆಯವನು ಸುಮ್ಮನಾಗುತ್ತಾನೆ. ಮೊದಲನೆಯವನು 14,550ಕ್ಕೆ ಸರಕು ಎತ್ತುತ್ತಾನೆ. ಅವನ ಮನಸ್ಸಿನಲ್ಲಿದ್ದ 15,000 ಯಾರಿಗೂ ಗೊತ್ತಾಗುವುದಿಲ್ಲ. ಅಂದರೆ ಕೂಗಿನ ಹರಾಜಿನಲ್ಲಿ ಬೆಲೆ ನಿರ್ಧರಿಸುವವನು ಗೆದ್ದವನಲ್ಲ, ಕೊನೆಯಲ್ಲಿ ಹಿಂದೆ ಸರಿದವನು.

ಮುಚ್ಚಿದ ಟೆಂಡರಿನಲ್ಲಿ ಅದೇ ವರ್ತಕ ಬೇರೆ ಲೆಕ್ಕ ಹಾಕುತ್ತಾನೆ. ಇದ್ದಷ್ಟನ್ನೂ ಬರೆದರೆ ಲಾಭ ಉಳಿಯದು, ತೀರಾ ಇಳಿಸಿ ಬರೆದರೆ ಲಾಟು ಕೈತಪ್ಪೀತು. ಆದ್ದರಿಂದ ಎದುರಾಳಿ ಎಷ್ಟು ಬರೆದಿರಬಹುದೆಂದು ಅಂದಾಜು ಮಾಡಿ, ತನ್ನ ಮಿತಿಯಿಂದ ಒಂದಿಷ್ಟು ಇಳಿಸಿ ಬರೆಯುತ್ತಾನೆ. ಒಂದು ದಿನ ಅದು 14,700 ಆದೀತು, ಇನ್ನೊಂದು ದಿನ 14,400. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದು ಇದನ್ನೇ: ಕೊಳ್ಳುವವರು ಹೆಚ್ಚುಕಡಿಮೆ ಒಂದೇ ಬಗೆಯವರಾಗಿದ್ದು, ಸರಕಿನ ಬೆಲೆಯನ್ನು ಪ್ರತಿಯೊಬ್ಬರೂ ಉಳಿದವರನ್ನು ಅವಲಂಬಿಸದೆ ಅಳೆದು, ನಷ್ಟದ ಅಳುಕಿಲ್ಲದೆ ಲೆಕ್ಕ ಹಾಕುವುದಾದರೆ, ಹರಾಜಿನ ಸಾಮಾನ್ಯ ಪದ್ಧತಿಗಳಲ್ಲಿ ಯಾವುದಾದರೂ ಮಾರುವವರ ಕೈಗೆ ಸರಾಸರಿಯಲ್ಲಿ ಒಂದೇ ಮೊತ್ತ ಬರುತ್ತದೆ. ವಿಕ್ರಿಯವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅದಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಅದೇ ಲೇಖನದಲ್ಲಿ ಅವರು ಚರ್ಚಿಸಿದ ಇನ್ನೆರಡು ಪದ್ಧತಿಗಳನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಡಚ್ ಹರಾಜಿನಲ್ಲಿ ಬೆಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಸರಕು. ಬೇಗ ಬಾಡುವ ಹೂವಿಗೆ ಈ ವೇಗ ಹೇಳಿ ಮಾಡಿಸಿದ್ದು. ನೆದರ್ಲೆಂಡಿನ ಆಲ್ಸ್‌ಮೇರ್‌ನಲ್ಲಿ ನಡೆಯುವುದು ಇದೇ, ಬೆಂಗಳೂರಿನ ಹೆಬ್ಬಾಳದ ಅಂತರರಾಷ್ಟ್ರೀಯ ಹೂ ಹರಾಜು ಕೇಂದ್ರ ಅಳವಡಿಸಿಕೊಂಡಿರುವುದೂ ಇದನ್ನೇ. ಇನ್ನೊಂದರಲ್ಲಿ ಎಲ್ಲರೂ ಮುಚ್ಚಿದ ಚೀಟಿ ಕೊಡುತ್ತಾರೆ. ಹೆಚ್ಚು ಬರೆದವರು ಗೆಲ್ಲುತ್ತಾರೆ, ಆದರೆ ಎರಡನೆಯವರು ಬರೆದ ಬೆಲೆಯನ್ನು ಮಾತ್ರ ತೆರುತ್ತಾರೆ. ಕೇಳಿದೊಡನೆ ಇದು ವಿಚಿತ್ರವೆನಿಸುತ್ತದೆ. ಆದರೆ ಇಲ್ಲಿ ತಾವು ಬರೆದದ್ದನ್ನೇ ತೆರಬೇಕಾಗಿಲ್ಲದ ಕಾರಣ ಇಳಿಸಿ ಬರೆಯುವುದರಿಂದ ಯಾರಿಗೂ ಲಾಭವಿಲ್ಲ, ನಿಜವಾದ ಬೆಲೆ ತಾನಾಗಿ ಹೊರಬರುತ್ತದೆ.

ಇನ್ನು ನಿಮ್ಮ ಮಾರುಕಟ್ಟೆಯ ವಿಷಯ. ವರ್ತಕರು ಒಳಗೊಳಗೇ ಮಾತಾಡಿಕೊಂಡು ಬೆಲೆ ಇಳಿಸುತ್ತಾರೆಂಬ ಶಂಕೆ ಇದ್ದರೆ, ಆ ದೃಷ್ಟಿಯಿಂದ ಕೂಗಿನ ಹರಾಜಿಗಿಂತ ಮುಚ್ಚಿದ ಟೆಂಡರೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಲ್ಲರ ಎದುರಿನ ಕೂಗಿನಲ್ಲಿ ಕೂಟದ ಮಾತು ಮೀರಿ ಒಬ್ಬ ಸವಾಲು ಏರಿಸಿದರೆ ಉಳಿದವರು ಅಲ್ಲಿಯೇ ಅವನ ಮೇಲೆ ಏರಿಸಿ ಬುದ್ಧಿ ಕಲಿಸಬಹುದು; ಟೆಂಡರಿನಲ್ಲಿ ಅವನು ಮಾತು ಮೀರಿದ್ದು ತಿಳಿಯುವ ಹೊತ್ತಿಗೆ ಲಾಟು ಅವನದಾಗಿರುತ್ತದೆ. ಪದ್ಧತಿಗಿಂತ ಮುಖ್ಯವಾದದ್ದು ನಿಮ್ಮ ಲಾಟಿಗೆ ಎಷ್ಟು ಜನ ಬೆಲೆ ಬರೆದರು ಎಂಬುದು. ಬುಲೋ ಮತ್ತು ಕ್ಲೆಂಪರರ್ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ತೋರಿಸಿಕೊಟ್ಟಂತೆ, ಎಷ್ಟೇ ಜಾಣತನದಿಂದ ಕನಿಷ್ಠ ಬೆಲೆ ನಿಗದಿ ಮಾಡಿದರೂ ಅದರಿಂದ ಬರುವ ಲಾಭಕ್ಕಿಂತ ನಿಜವಾದ ಇನ್ನೊಬ್ಬ ಪೈಪೋಟಿದಾರ ಕಣಕ್ಕಿಳಿಯುವುದರಿಂದ ಬರುವ ಲಾಭ ಸಾಮಾನ್ಯವಾಗಿ ಹೆಚ್ಚು. ಮಂಡಿಗಳನ್ನು ಆನ್‌ಲೈನ್‌ನಲ್ಲಿ ಬೆಸೆದಿರುವ ಏಕೀಕೃತ ಮಾರುಕಟ್ಟೆ ವೇದಿಕೆಯ ಉದ್ದೇಶವೂ ಹೊರಊರಿನ ವರ್ತಕರು ಕುಳಿತಲ್ಲಿಂದಲೇ ಬೆಲೆ ಬರೆಯುವಂತಾಗಲಿ ಎಂಬುದೇ. ಆದ್ದರಿಂದ ಟೆಂಡರ್ ಘೋಷಣೆಯಾದಾಗ ಗೆದ್ದ ಬೆಲೆಯನ್ನಷ್ಟೇ ಕೇಳಿಕೊಂಡು ಬರಬೇಡಿ, ಎಷ್ಟು ಜನ ಬರೆದಿದ್ದರೆಂಬುದನ್ನೂ ವಿಚಾರಿಸಿ. ಬೆಲೆ ಒಪ್ಪಿಗೆಯಾಗದಿದ್ದರೆ ಮಾರಾಟವನ್ನು ತಿರಸ್ಕರಿಸುವ ಹಕ್ಕು ರೈತರಿಗಿದೆ.

ಪ್ರಶ್ನೆ: ರಾಮನಾಥಪುರದ ತಂಬಾಕು ಹರಾಜಿನಲ್ಲಿ ನಮ್ಮ ಕೆಲವು ಬೇಲ್‌ಗಳು ‘ನೋ ಬಿಡ್’ ಆಗಿ ವಾಪಸು ಬಂದವು. ಹರಾಜು ಎಂದ ಮೇಲೆ ಕಡಿಮೆ ಬೆಲೆಗಾದರೂ ಹೋಗಬೇಕಲ್ಲವೇ?
— ಓದುಗರು, ಅರಕಲಗೂಡು

ಉತ್ತರ: ಹೋಗಲೇಬೇಕೆಂಬ ನಿಯಮವಿಲ್ಲ. ಸವಾಲು ಹಾಕುವುದು ಕೊಳ್ಳುವವರ ಇಚ್ಛೆಗೆ ಬಿಟ್ಟದ್ದು. ಯಾರೂ ಬೆಲೆ ಹೇಳದಿದ್ದರೆ ಬೇಲ್ ಬೆಳೆಗಾರರ ಬಳಿಯೇ ಉಳಿಯುತ್ತದೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಆರಂಭವಾದದ್ದೇ ಕಂಪನಿಗಳು ಹೇಳಿದ್ದೇ ಬೆಲೆ ಎಂಬ ಸ್ಥಿತಿ ಹೋಗಲೆಂದು. ಆದರೂ ವರ್ಜೀನಿಯಾ ತಂಬಾಕಿನ ದೊಡ್ಡ ಖರೀದಿದಾರರು ಕೆಲವರೇ ಆದ್ದರಿಂದ, ಕೆಳದರ್ಜೆಯ ಎಲೆಗೆ ಬೇಡಿಕೆ ಇಲ್ಲದ ದಿನ ಪೈಪೋಟಿಯೇ ಹುಟ್ಟುವುದಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಸವಾಲುದಾರರ ಸಂಖ್ಯೆಯ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮೂರ ದೇವಸ್ಥಾನದ ತೋಟದ ಅಡಿಕೆ ಫಸಲನ್ನು ಮರದ ಮೇಲಿರುವಾಗಲೇ ಹರಾಜು ಹಾಕುತ್ತಾರೆ. ಹಿಡಿದವರು ಬಹುತೇಕ ಪ್ರತಿ ವರ್ಷವೂ ನಷ್ಟವಾಯಿತೆನ್ನುತ್ತಾರೆ. ಇದು ಬರೀ ನಾಟಕವೇ?
— ಓದುಗರು, ಕೊಪ್ಪ

ಉತ್ತರ: ಮುಂದಿನ ವರ್ಷದ ಸವಾಲು ಇಳಿಯಲೆಂದು ಹಾಗೆ ಹೇಳುವವರೂ ಇರಬಹುದು, ಆದರೆ ಮಾತಿನಲ್ಲಿ ನಿಜವೂ ಇದೆ. ಕೊಯ್ಲಾದರೆ ಆ ತೋಟದಿಂದ ಇಷ್ಟೇ ಕ್ವಿಂಟಲ್ ಎಂಬುದು ಎಲ್ಲರಿಗೂ ಒಂದೇ. ಮರ ನೋಡಿ ಮಾಡುವ ಅಂದಾಜು ಮಾತ್ರ ಒಬ್ಬೊಬ್ಬರದು ಒಂದೊಂದು. ಹತ್ತು ಜನ ಚೇಣಿದಾರರು (ಫಸಲು ಗುತ್ತಿಗೆ ಹಿಡಿಯುವವರು) ತೋಟ ಸುತ್ತಿ ಬಂದರೆ ಅವರ ಅಂದಾಜುಗಳ ಸರಾಸರಿ ಸತ್ಯಕ್ಕೆ ಹತ್ತಿರವಿದ್ದೀತು, ಆದರೆ ಹರಾಜು ನಿಲ್ಲುವುದು ಸರಾಸರಿಯವರ ಹೆಸರಿಗಲ್ಲ, ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವರ ಹೆಸರಿಗೆ. ಅಮೆರಿಕದ ಸಮುದ್ರದಡಿಯ ತೈಲ ಹಕ್ಕುಗಳನ್ನು ಹರಾಜಿನಲ್ಲಿ ಹಿಡಿದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲವೆಂದು ಪರಿಶೀಲಿಸಿದ ಮೂವರು ಎಂಜಿನಿಯರುಗಳು 1971ರಲ್ಲಿ ಇದನ್ನು ವಿವರಿಸಿದರು. ಅಂದಿನಿಂದ ಇದಕ್ಕೆ ‘ಗೆದ್ದವರ ಶಾಪ’ ಎಂಬ ಹೆಸರು ನಿಂತಿದೆ. ಎದುರಾಳಿಗಳು ಹೆಚ್ಚಿದಷ್ಟೂ ಹುರುಪಿನಿಂದ ಏರಿಸುವುದು ನಮ್ಮ ಸ್ವಭಾವ, ಆದರೆ ಇಂತಹ ಹರಾಜಿನಲ್ಲಿ ಜನ ಹೆಚ್ಚಿದಷ್ಟೂ ತಮ್ಮ ಅಂದಾಜಿನಿಂದ ಹೆಚ್ಚು ಇಳಿಸಿಯೇ ಸವಾಲು ಹಾಕಬೇಕು. ಗಣಪತಿ ವಿಸರ್ಜನೆಯ ದಿನ ಪ್ರಸಾದಕ್ಕೆ ಸಾವಿರಗಟ್ಟಲೆ ಕೂಗುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ಅದನ್ನು ಮರುಮಾರಾಟಕ್ಕೆ ಹಿಡಿಯುವುದಿಲ್ಲವಲ್ಲ.

ಪ್ರಶ್ನೆ: ಒಂದು ಹರಾಜಿನಲ್ಲಿ ಮಾಲೀಕರ ಕಡೆಯವರೇ ಗುಂಪಿನಲ್ಲಿ ನಿಂತು ಬೆಲೆ ಏರಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಇದಕ್ಕೆ ಕಾನೂನಿಲ್ಲವೇ? ಕೂಗಿದ ಸವಾಲನ್ನು ಹಿಂದೆಗೆದುಕೊಳ್ಳಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಸರಕುಗಳ ಮಾರಾಟಕ್ಕೆ ಸಂಬಂಧಿಸಿದ 1930ರ ಕಾಯ್ದೆಯ 64ನೇ ಪ್ರಕರಣ ಎರಡಕ್ಕೂ ಉತ್ತರ ಕೊಡುತ್ತದೆ. ಸುತ್ತಿಗೆ ಬಿದ್ದು, ಅಥವಾ ನಮ್ಮ ಕಡೆಯ ರೂಢಿಯಂತೆ ‘ಮೂರು ಸಾರಿ’ ಎಂದು ಹೇಳಿ ಮುಗಿಸುವವರೆಗೆ ಯಾರು ಬೇಕಾದರೂ ತಮ್ಮ ಸವಾಲನ್ನು ಹಿಂದೆಗೆದುಕೊಳ್ಳಬಹುದು. ಸವಾಲು ಹಾಕುವ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಕಾದಿರಿಸಿಕೊಳ್ಳದ ಹೊರತು ಮಾಲೀಕರು ತಾವಾಗಲಿ ತಮ್ಮವರ ಮೂಲಕವಾಗಲಿ ಕೂಗುವಂತಿಲ್ಲ. ಬೆಲೆ ಏರಿಸಲೆಂದೇ ಸುಳ್ಳು ಸವಾಲು ಹಾಕಿಸಿದ್ದರೆ ಆ ಮಾರಾಟವನ್ನು ರದ್ದುಪಡಿಸಿಕೊಳ್ಳುವ ಆಯ್ಕೆ ಕೊಂಡವರಿಗಿದೆ. ಸಾಬೀತುಪಡಿಸುವ ಹೊಣೆ ಮಾತ್ರ ನಿಮ್ಮದು.

ಪ್ರಶ್ನೆ: ಸಾಲ ತೀರದ ಮನೆಯೊಂದನ್ನು ಬ್ಯಾಂಕು ಇ-ಹರಾಜಿಗೆ ಇಟ್ಟಿದೆ. ಬೆಲೆ ಅಗ್ಗವೆನಿಸುತ್ತದೆ. ಭಾಗವಹಿಸಬಹುದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಭಾಗವಹಿಸಬಹುದು, ಆದರೆ ಪ್ರಕಟಣೆಯನ್ನು ಎರಡು ಸಲ ಓದಿ. ಸರ್ಕಾರಿ ಹರಾಜುಗಳಲ್ಲಿ ‘ಸರ್ಕಾರಿ ಸವಾಲು’ ಎನ್ನುವುದನ್ನೇ ಇಲ್ಲಿ ಮೀಸಲು ಬೆಲೆ ಎನ್ನುತ್ತಾರೆ. ಅದಕ್ಕಿಂತ ಕೆಳಗೆ ಸವಾಲು ನಡೆಯದು. ಅದರಲ್ಲಿ ಒಂದು ಪಾಲನ್ನು, ಸಾಮಾನ್ಯವಾಗಿ ಶೇಕಡ 10ರಷ್ಟನ್ನು, ಮುಂಗಡ ಠೇವಣಿಯಾಗಿ ಕಟ್ಟಬೇಕು. ಅಡಮಾನದ ಆಸ್ತಿ ಮಾರಿ ಬ್ಯಾಂಕುಗಳು ಸಾಲ ವಸೂಲು ಮಾಡಿಕೊಳ್ಳಲು ಇರುವ 2002ರ ಸರ್ಫೇಸಿ ಕಾಯ್ದೆಯಡಿ ನಡೆಯುವ ಹರಾಜಾದರೆ, ಗೆದ್ದವರು ಠೇವಣಿಯೂ ಸೇರಿದಂತೆ ಒಟ್ಟು ಬೆಲೆಯ ಶೇಕಡ 25ನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ತುಂಬಬೇಕು, ಉಳಿದದ್ದನ್ನು ಮಾರಾಟ ದೃಢಪಟ್ಟ 15 ದಿನಗಳೊಳಗೆ. ಲಿಖಿತ ಒಪ್ಪಂದದಿಂದ ಈ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು, ಆದರೂ ಅದು ಮೂರು ತಿಂಗಳು ಮೀರುವಂತಿಲ್ಲ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಗೃಹಸಾಲ ಸಿಕ್ಕೀತೆಂಬ ಭರವಸೆಯ ಮೇಲೆ ಗುಂಡಿ ಒತ್ತುವವರು ಎಡವುವುದು ಇಲ್ಲಿಯೇ.

ಬೆಲೆ ಅಗ್ಗವಾಗಿರುವುದಕ್ಕೆ ಕಾರಣ ಹುಡುಕುವುದು ಇನ್ನೂ ಮುಖ್ಯ. ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಮನೆಯಲ್ಲಿ ಇನ್ನೂ ಯಾರೋ ವಾಸವಿದ್ದಾರೆಂದೇ ತಿಳಿಯಿರಿ; ಅವರನ್ನು ತೆರವುಗೊಳಿಸಿ ಬೀಗದ ಕೈ ನಿಮಗೆ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದು. ‘ಇರುವಲ್ಲಿ ಇರುವಂತೆ’ ಎಂಬ ಷರತ್ತಿನ ಅರ್ಥ, ಬಾಕಿ ಕಂದಾಯ, ವಿದ್ಯುತ್ ಬಿಲ್ಲು, ಗಡಿಯ ತಕರಾರು ಇವುಗಳಿಗೆ ಬ್ಯಾಂಕು ಹೊಣೆಯಲ್ಲವೆಂದು. ಆದ್ದರಿಂದ ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ, ನಗರಸಭೆಯಿಂದ ಖಾತೆಯ ವಿವರ ತೆಗೆಸಿ, ಪರಿಶೀಲನೆಗೆಂದು ಗೊತ್ತುಪಡಿಸಿದ ದಿನ ಸ್ಥಳಕ್ಕೆ ಖುದ್ದಾಗಿ ಹೋಗಿ ಬನ್ನಿ. ಕೊನೆಯ ನಿಮಿಷದಲ್ಲಿ ಯಾರಾದರೂ ಸವಾಲು ಹಾಕಿದರೆ ಇ-ಹರಾಜಿನ ಅವಧಿ ತಾನಾಗಿ ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ. ಆ ಬಿಸಿಯಲ್ಲಿ ಕೈ ಮೀರದಿರಲು ನಿಮ್ಮ ಕೊನೆಯ ಮೊತ್ತವನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಚಹಾಕ್ಕೆ ಕೂನೂರಿನಲ್ಲಿ, ಏಲಕ್ಕಿಗೆ ಬೋಡಿನಾಯಕನೂರಿನಲ್ಲಿ ಹರಾಜು ನಡೆಯುತ್ತದೆ. ನಮ್ಮ ಕಾಫಿಗೆ ಏಕಿಲ್ಲ?
— ಸಣ್ಣ ಬೆಳೆಗಾರರು, ಮೂಡಿಗೆರೆ

ಉತ್ತರ: ಹಿಂದೆ ಇತ್ತು. 1942ರ ಕಾಫಿ ಕಾಯ್ದೆಯಂತೆ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಫಸಲಿನ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ ಹಣವನ್ನು ಕಂತುಕಂತಾಗಿ ಹಂಚುತ್ತಿತ್ತು. ಹಣಕ್ಕಾಗಿ ಕಾದು ಬೇಸತ್ತವರ ಒತ್ತಾಯದಿಂದ 1990ರ ದಶಕದಲ್ಲಿ ಮಾರಾಟ ಹಂತಹಂತವಾಗಿ ಮುಕ್ತವಾಯಿತು. ಈಗ ಅರೇಬಿಕಾಕ್ಕೆ ನ್ಯೂಯಾರ್ಕಿನ, ರೋಬಸ್ಟಾಕ್ಕೆ ಲಂಡನ್ನಿನ ವಾಯಿದಾ (ಮುಂಗಡ ವ್ಯಾಪಾರದ) ಪೇಟೆಯ ದರ ಪ್ರತಿದಿನ ಕೈಗೆ ಸಿಗುವುದರಿಂದ, ಸಾಮಾನ್ಯ ದರ್ಜೆಯ ಕಾಫಿಯ ಬೆಲೆ ಹೊರಡಿಸಲು ಇಲ್ಲಿ ಮತ್ತೊಂದು ಹರಾಜು ನಡೆಸಬೇಕಾದ ಅಗತ್ಯ ಕಡಿಮೆ. ರುಚಿಯಲ್ಲಿ ಎದ್ದು ಕಾಣುವ ಸಣ್ಣ ಲಾಟುಗಳ ಮಾತು ಬೇರೆ. ಅವುಗಳ ಬೆಲೆಯನ್ನು ಯಾವ ಪೇಟೆಯ ದರವೂ ಹೇಳಲಾರದು. 1999ರಲ್ಲಿ ಬ್ರೆಜಿಲ್‌ನಲ್ಲಿ ಆರಂಭವಾದ ‘ಕಪ್ ಆಫ್ ಎಕ್ಸಲೆನ್ಸ್’ ಸ್ಪರ್ಧೆಯಲ್ಲಿ ತೀರ್ಪುಗಾರರು ರುಚಿ ನೋಡಿ ಅಂಕ ಕೊಟ್ಟ ಲಾಟುಗಳನ್ನು ಅಂತರ್ಜಾಲದಲ್ಲಿ ಹರಾಜು ಹಾಕುವುದು ಆ ಕಾರಣಕ್ಕೇ. ನಿಮ್ಮ ತೋಟದ್ದು ಅಂತಹ ಕಾಫಿಯಾಗಿದ್ದರೆ, ಅದನ್ನು ಉಳಿದ ಫಸಲಿನೊಂದಿಗೆ ಬೆರೆಸದೆ ಬೇರೆಯಾಗಿ ಸಂಸ್ಕರಿಸಿ, ಮೊದಲು ರುಚಿ ಪರೀಕ್ಷೆ ಮಾಡಿಸಿ.