ಓದುಗರ ಪ್ರಶ್ನೆ, ಇಂಜಿನಿಯರ್ ಉತ್ತರ: ಪರದೆ 38 ಅಂದಿತು, ಸೆಲ್ ಮುಗಿಯಿತು ಅಂದಿತು

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ವಿದ್ಯುತ್ ಸಂಗ್ರಹದ ಬಗ್ಗೆಯೇ ಇವೆ. ಗ್ರಿಡ್ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತು ವರ್ಷ, ಆಮೇಲೆ ಸೌರ ಸ್ಥಾವರವೊಂದರ ಬ್ಯಾಟರಿ ಉಸ್ತುವಾರಿಯಲ್ಲಿ ಆರು ವರ್ಷ ಕಳೆದವಳು ನಾನು. ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಯಿತು. ಅದು ನನ್ನ ನಿದ್ದೆ ಕೆಡಿಸಿದ್ದ ಪ್ರಶ್ನೆ.

ಪ್ರಶ್ನೆ: ಮೇಡಂ, ಸುದ್ದಿಯಲ್ಲಿ ‘100 ಮೆಗಾವ್ಯಾಟ್ ಬ್ಯಾಟರಿ’ ಎಂದು ಬರೆಯುತ್ತಾರೆ. ಅದರಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಅಂತ ಇದರಿಂದ ತಿಳಿಯುವುದು ಹೇಗೆ?

ಉತ್ತರ: ಅದೊಂದರಿಂದ ತಿಳಿಯುವುದಿಲ್ಲ. ಮೆಗಾವ್ಯಾಟ್ ಹೇಳುವುದು ಎಷ್ಟು ರಭಸವಾಗಿ ಕೊಡಬಲ್ಲದು ಎಂಬುದನ್ನು. ಎಷ್ಟು ಹೊತ್ತು ಕೊಡಬಲ್ಲದು ಎಂದು ತಿಳಿಯಲು ಮೆಗಾವ್ಯಾಟ್-ಅವರ್ ಲೆಕ್ಕ ಬೇಕು. ಒಂದು ಮೆಗಾವ್ಯಾಟ್-ಅವರ್ ಅಂದರೆ ಮನೆ ಮೀಟರಿನ ಸಾವಿರ ಯೂನಿಟ್. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್ ಬ್ಯಾಟರಿ 2017ರ ಕೊನೆಗೆ ಶುರುವಾದಾಗ 100 ಮೆಗಾವ್ಯಾಟ್, 129 ಮೆಗಾವ್ಯಾಟ್-ಅವರ್ ಇತ್ತು. ಪೂರ್ತಿ ರಭಸದಲ್ಲಿ ಬಿಟ್ಟರೆ ಒಂದೂಕಾಲು ಗಂಟೆಯಲ್ಲಿ ಖಾಲಿ. ಹಾಗೆ ಬಿಡುವ ಯೋಚನೆ ಅಲ್ಲಿನವರಿಗೆ ಇರಲಿಲ್ಲ. 70 ಮೆಗಾವ್ಯಾಟನ್ನು ಗ್ರಿಡ್ ತತ್ತರಿಸಿದಾಗ ಹತ್ತು ನಿಮಿಷ ಆಸರೆ ಕೊಡಲೆಂದು ಎತ್ತಿಟ್ಟರು. ಉಳಿದ 30 ಮೆಗಾವ್ಯಾಟ್ ಮೂರು ಗಂಟೆ ಕಾಲ ಕರೆಂಟ್ ಕೊಳ್ಳಲು, ಮಾರಲು. ಒಂದೇ ಬ್ಯಾಟರಿಗೆ ಎರಡು ಉದ್ಯೋಗ. ಹೀಗಾಗಿ ಬ್ಯಾಟರಿಯ ಸುದ್ದಿ ಓದುವಾಗ ಎರಡೂ ಸಂಖ್ಯೆಗಳನ್ನು ಹುಡುಕಿ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಓದುತ್ತಿದ್ದೇನೆ. ನಮ್ಮ ಲ್ಯಾಬಿನ ಲಿಥಿಯಂ ಬ್ಯಾಟರಿ ಶೇಕಡಾ 30ಕ್ಕಿಂತ ಹೆಚ್ಚು ಚಾರ್ಜ್ ತೋರಿಸುತ್ತಿದ್ದಾಗಲೇ ದಿಢೀರನೆ ಆಫ್ ಆಯಿತು. ಮೀಟರ್ ಕೆಟ್ಟಿದೆ ಅಂತ ಎಲ್ಲರೂ ಹೇಳುತ್ತಾರೆ. ನಿಮಗೇನು ಅನಿಸುತ್ತದೆ?

ಉತ್ತರ: ಮೀಟರ್ ಕೆಟ್ಟಿರಲಿಕ್ಕಿಲ್ಲ. ನಿಮ್ಮ ಬ್ಯಾಟರಿಗೆ ಆದದ್ದೇ ನಮ್ಮ ಸ್ಥಾವರಕ್ಕೂ ಆಗಿತ್ತು.

ಸಂಜೆ ಏಳೂವರೆ. ಸೂರ್ಯ ಮುಳುಗಿ ಲೋಡ್ ಏರುತ್ತಿದ್ದ ಹೊತ್ತು. ಪರದೆಯ ಮೇಲೆ ಚಾರ್ಜ್ ಶೇಕಡಾ 38 ಎಂದಿತ್ತು. ಇನ್ನೂ ಒಂದು ಗಂಟೆ ಧಾರಾಳವಾಗಿ ನಡೆಯುತ್ತದೆ ಎಂದು ಗ್ರಿಡ್‌ನವರಿಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ಸೆಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ ಏಳನೇ ರ‍್ಯಾಕ್ ಟ್ರಿಪ್ ಆಯಿತು. ಅದರ ಹೊರೆ ಪಕ್ಕದ ರ‍್ಯಾಕುಗಳ ಮೇಲೆ ಬಿತ್ತು. ಅವು ತಡೆದುಕೊಂಡವು, ಆದರೆ ನಾನು ಕೊಟ್ಟ ಮಾತು ಉಳಿಯಲಿಲ್ಲ.

ರ‍್ಯಾಕನ್ನು ಸುರಕ್ಷಿತವಾಗಿ ಬೇರ್ಪಡಿಸಿ, ನಮ್ಮ ಹುಡುಗ ಮಲ್ಟಿಮೀಟರ್ ಹಿಡಿದು ಒಂದೊಂದೇ ಸೆಲ್ಲಿನ ವೋಲ್ಟೇಜ್ ಓದುತ್ತಾ ಹೋದ. ನಾನು ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದೆ. 3.28, 3.28, 3.27, 3.28. ಒಂದು ಕಡೆ ಅವನ ದನಿ ನಿಂತಿತು. ‘ಮೇಡಂ, 2.94.’ ಇನ್ನೊಮ್ಮೆ ನೋಡು ಅಂದೆ. ‘2.95 ಈಗ.’ ನೋಡನೋಡುತ್ತಿದ್ದಂತೆ ಏರುತ್ತಿತ್ತು. ಲೋಡ್ ತೆಗೆದ ಮೇಲೆ ಬಳಲಿದ ಸೆಲ್ ಹಾಗೆ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ. ಟ್ರಿಪ್ ಆದ ಗಳಿಗೆಯಲ್ಲಿ ಅದು 2.50ಕ್ಕೆ ಇಳಿದಿತ್ತು ಎಂದು ಕಂಪ್ಯೂಟರಿನ ದಾಖಲೆ ಹೇಳಿತು. ಅದು ನಮ್ಮ ಸೆಲ್ಲುಗಳ ಕೆಳಗಿನ ಮಿತಿ.

ಸೆಲ್ಲುಗಳು ಸರಣಿಯಲ್ಲಿ ಜೋಡಿಸಿರುತ್ತವೆ. ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು. ಹಾಗಾಗಿ ಅತಿ ದುರ್ಬಲವಾದ ಸೆಲ್ ಕೈಚೆಲ್ಲಿದರೆ ಇಡೀ ಸಾಲು ನಿಲ್ಲಲೇಬೇಕು. ಮಿಕ್ಕವುಗಳಲ್ಲಿ ಎಷ್ಟು ಚಾರ್ಜ್ ಉಳಿದಿದ್ದರೂ ಅಷ್ಟೇ.

ಹಾಗಾದರೆ ಪರದೆ 38 ಅಂದದ್ದು ಯಾಕೆ? ಬ್ಯಾಟರಿಯೊಳಗಿನ ಚಾರ್ಜನ್ನು ನೇರವಾಗಿ ಅಳೆಯುವ ಉಪಕರಣ ನಮ್ಮ ಕೈಯಲ್ಲಿಲ್ಲ. ಅದು ಅಂದಾಜು. ನಮ್ಮಲ್ಲಿದ್ದದ್ದು ಲಿಥಿಯಂ ಬ್ಯಾಟರಿಯ ಒಂದು ಬಗೆಯಾದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಅದರಲ್ಲಿ ವೋಲ್ಟೇಜ್ ನೋಡಿ ಅಂದಾಜು ಮಾಡುವುದೂ ಕಷ್ಟ. ಶೇಕಡಾ 80ರಿಂದ 30ರವರೆಗೆ ಇಳಿದರೂ ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಕೂತಿರುತ್ತದೆ. ಅದಕ್ಕೆ ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಎಣಿಸುತ್ತಾ ಹೋಗುತ್ತಾರೆ. ಎಣಿಕೆಯಲ್ಲಿ ಸಣ್ಣ ತಪ್ಪಿದ್ದರೂ ಅದು ದಿನದಿನಕ್ಕೆ ಬೆಳೆಯುತ್ತದೆ. 280 ಆಂಪಿಯರ್-ಅವರ್ ಸೆಲ್ಲಿನ ಸೆನ್ಸರ್ ಅರ್ಧ ಆಂಪಿಯರ್ ತಪ್ಪಿ ಓದಿದರೆ ದಿನಕ್ಕೆ 12 ಆಂಪಿಯರ್-ಅವರ್ ವ್ಯತ್ಯಾಸ. ಅಂದರೆ ಶೇಕಡಾ 4ಕ್ಕೂ ಹೆಚ್ಚು. ವಾರ ಕಳೆದರೆ ಪರದೆಗೂ ಸೆಲ್ಲಿಗೂ ಸಂಬಂಧವೇ ಇರುವುದಿಲ್ಲ. ಎಣಿಕೆಯನ್ನು ತಿದ್ದಲು ಇರುವ ಸುಲಭ ದಾರಿ ಬ್ಯಾಟರಿಯನ್ನು ಪೂರ್ತಿ ತುಂಬಿಸುವುದು. ತುದಿಯಲ್ಲಿ ವೋಲ್ಟೇಜ್ ಸರ್ರನೆ ಏರುತ್ತದೆ, ಆಗ ‘ಇದು 100’ ಎಂದು ಖಚಿತವಾಗಿ ಹೇಳಬಹುದು.

ನಾವು ಎಡವಿದ್ದು ಇಲ್ಲೇ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇಟ್ಟರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ ಎಂದು ಓದಿ, ಅದರ ಆಯಸ್ಸು ಉಳಿಸಲೆಂದು ತಿಂಗಳುಗಟ್ಟಲೆ 85ರ ಮೇಲೆ ಹೋಗಿರಲಿಲ್ಲ. ಆ ತೀರ್ಮಾನ ನನ್ನದೇ. ಈ ಬಗೆಯ ಸೆಲ್ಲುಗಳ ಚಾರ್ಜನ್ನು ಒಂದಕ್ಕೊಂದು ಸಮ ಮಾಡುವ ಬ್ಯಾಲೆನ್ಸಿಂಗ್ ಸಾಮಾನ್ಯವಾಗಿ ತುಂಬುವ ಹಂತದಲ್ಲೇ ನಡೆಯುತ್ತದೆ, ಏಕೆಂದರೆ ಸೆಲ್ಲುಗಳ ನಡುವಿನ ವ್ಯತ್ಯಾಸ ಚಾರ್ಜ್ ಮಾಡುವಾಗ ಸ್ಪಷ್ಟವಾಗಿ ಕಾಣುವುದು ಅಲ್ಲೇ. ನಾವು ಅಲ್ಲಿಗೆ ಬಿಡಲೇ ಇಲ್ಲ. ಆ ಒಂದು ಸೆಲ್ ಪಕ್ಕದವಕ್ಕಿಂತ ತುಸು ಬೇಗ ತಾನೇ ಸೋರಿಕೊಳ್ಳುತ್ತಿತ್ತು. ದಿನಾ ಒಂದಿಷ್ಟು ಹಿಂದೆ ಬಿದ್ದು, ಕೊನೆಗೆ ಅಷ್ಟು ದೂರ ಹೋಗಿತ್ತು. ಎಣಿಕೆಯೂ ತಿದ್ದುಪಡಿ ಕಾಣದೆ ಜಾರಿತ್ತು.

ಅಂದಿನಿಂದ ಹತ್ತು ದಿನಕ್ಕೊಮ್ಮೆ ಪೂರ್ತಿ ತುಂಬಿಸಿ, ಬ್ಯಾಲೆನ್ಸಿಂಗ್ ಮುಗಿಯುವವರೆಗೆ ಹಿಡಿದಿಟ್ಟು, ಮತ್ತೆ ಕೆಳಗಿಳಿಸುವ ಪದ್ಧತಿ ಮಾಡಿಕೊಂಡೆವು. ಪ್ರತಿ ಶಿಫ್ಟಿನಲ್ಲೂ ಅತಿ ಹೆಚ್ಚು, ಅತಿ ಕಡಿಮೆ ವೋಲ್ಟೇಜಿನ ಸೆಲ್ ಯಾವುದು, ನಡುವಿನ ಅಂತರ ಎಷ್ಟು ಎಂದು ಕೈಯಲ್ಲಿ ಬರೆಯಬೇಕು. ಸರಾಸರಿ ಬರೆಯುವ ಕಾಲಮ್ಮನ್ನು ಹೊಡೆದುಹಾಕಿದೆ. ನಿಮ್ಮ ಲ್ಯಾಬಿನ ಬ್ಯಾಟರಿಯನ್ನೂ ತಯಾರಕರ ಸೂಚನೆಯಂತೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ. ಆಮೇಲೆ ಡಿಸ್‌ಚಾರ್ಜ್ ಮಾಡುತ್ತಾ ಒಂದೊಂದು ಸೆಲ್ಲನ್ನೂ ಗಮನಿಸಿ. ಯಾವುದು ಮೊದಲು ಬೀಳುತ್ತದೆ ಎಂದು ನೋಡಿ, ನನಗೆ ಬರೆಯಿರಿ.

ಪ್ರಶ್ನೆ: ಸ್ಮಾರ್ಟ್ ಗ್ರಿಡ್‌ನಲ್ಲಿ ಎಲ್ಲವನ್ನೂ ಸಾಫ್ಟ್‌ವೇರ್ ನೋಡಿಕೊಳ್ಳುತ್ತದಂತೆ. ಹಗಲು ತುಂಬಿಸಿಕೊಂಡು ರಾತ್ರಿ ಖಾಲಿ ಮಾಡುವುದಕ್ಕೆ ಅಷ್ಟು ಬುದ್ಧಿ ಯಾಕೆ ಬೇಕು?

ಉತ್ತರ: ಅಷ್ಟೇ ಕೆಲಸವಾಗಿದ್ದರೆ ಗಡಿಯಾರವೇ ಸಾಕಿತ್ತು. ಆದರೆ ಬ್ಯಾಟರಿಯನ್ನು ಗ್ರಿಡ್ ಹೆಚ್ಚು ನೆಚ್ಚುವುದು ಸೆಕೆಂಡುಗಳ ಆಟಕ್ಕೆ. ಬೇಡಿಕೆ ಹೆಚ್ಚಾದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂಬ ಲೆಕ್ಕ, 50 ಹರ್ಟ್ಸಿನಿಂದ ಕೆಳಗಿಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಮೇಲೇರುತ್ತದೆ. ಇಳಿದಾಗ ಬ್ಯಾಟರಿ ಕೊಡಬೇಕು, ಏರಿದಾಗ ಎಳೆದುಕೊಳ್ಳಬೇಕು. ಅಂದರೆ ಒಳಗೆ ಸರಕೂ ಇರಬೇಕು, ಜಾಗವೂ ಇರಬೇಕು. ಪೂರ್ತಿ ತುಂಬಿದ ಬ್ಯಾಟರಿ ಅರ್ಧ ಕೆಲಸಕ್ಕೆ ಮಾತ್ರ ಬರುತ್ತದೆ. ಸಂಜೆ ಒಳ್ಳೆ ದರ ಸಿಗುತ್ತದೆಂದು ತಳದವರೆಗೆ ಮಾರಿಬಿಟ್ಟರೂ ಅದೇ ಕಥೆ. ನಾಳೆ ಮೋಡ ಎಷ್ಟು, ಸಂಜೆ ಲೋಡ್ ಎಷ್ಟು, ಆಸರೆಗೆಂದು ಎಷ್ಟು ಎತ್ತಿಟ್ಟಿರಬೇಕು ಎಂಬುದನ್ನೆಲ್ಲ ಒಟ್ಟಿಗೆ ತೂಗುವುದಕ್ಕೆ ಸಾಫ್ಟ್‌ವೇರ್ ನಿಜಕ್ಕೂ ಬೇಕು.

2019ರ ಆಗಸ್ಟ್ 9ರಂದು ಬ್ರಿಟನ್ನಿನಲ್ಲಿ ಸಿಡಿಲು ಬಡಿದ ಬೆನ್ನಿಗೇ ಸಮುದ್ರದ ಗಾಳಿ ಸ್ಥಾವರವೊಂದು, ಅನಿಲ ಸ್ಥಾವರವೊಂದು ಕೈಕೊಟ್ಟವು. ಫ್ರೀಕ್ವೆನ್ಸಿ 48.8ಕ್ಕೆ ಕುಸಿದು ಸುಮಾರು ಹತ್ತು ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಎತ್ತಿಟ್ಟಿದ್ದ ಆಸರೆಯಲ್ಲಿ ಬ್ಯಾಟರಿಗಳೂ ಇದ್ದವು, ಅವು ತಮ್ಮ ಪಾಲು ಕೊಟ್ಟವು. ಆದರೆ ಒಟ್ಟಾರೆ ಎತ್ತಿಟ್ಟದ್ದೇ ಆ ನಷ್ಟಕ್ಕೆ ಸಾಲದಾಯಿತು. ಎಷ್ಟು ಎತ್ತಿಡಬೇಕು ಎಂದು ತೀರ್ಮಾನಿಸುವುದು ಈಗಲೂ ಮನುಷ್ಯರೇ.

ಪ್ರಶ್ನೆ: ಲಿಥಿಯಂ ಬಂದ ಮೇಲೆ ನೀರು ಮೇಲೆತ್ತಿ ಇಳಿಸುವ ಪಂಪ್ಡ್ ಸ್ಟೋರೇಜ್ ಹಳತಾಯಿತಲ್ಲವೇ?

ಉತ್ತರ: ಇಲ್ಲ. ವೇಲ್ಸ್‌ನ ಡಿನೋರ್ವಿಗ್ ಪಂಪ್ಡ್ ಸ್ಟೋರೇಜ್ ಸ್ಥಾವರದಲ್ಲಿ, ಬೆಟ್ಟದ ಹೊಟ್ಟೆಯೊಳಗೆ, 1984ರಿಂದ ಆರು ಯಂತ್ರಗಳು ಕೆಲಸ ಮಾಡುತ್ತಿವೆ. ನೀರು ಬಿಡದೆ ಬರೀ ಗಾಳಿಯಲ್ಲಿ ತಿರುಗುತ್ತಾ ಸಿದ್ಧವಾಗಿದ್ದರೆ ಹನ್ನೆರಡು ಸೆಕೆಂಡಿನಲ್ಲಿ 1,320 ಮೆಗಾವ್ಯಾಟ್ ಕೊಡುತ್ತವೆ. ನೂರು ಯೂನಿಟ್ ಹಾಕಿದರೆ ನೀರಿನಿಂದ 70ರಿಂದ 80 ಹಿಂದೆ ಬರುತ್ತದೆ, ಲಿಥಿಯಂನಿಂದ 85ರಿಂದ 90. ಆ ಲೆಕ್ಕದಲ್ಲಿ ಲಿಥಿಯಂ ಮುಂದೆ. ಆದರೆ ಎಂಟು ಹತ್ತು ಗಂಟೆ ಸತತ ಕೊಡುವ ಕೆಲಸಕ್ಕೆ, ದಶಕಗಟ್ಟಲೆ ಬಾಳಿಕೆಗೆ, ಬೆಟ್ಟ ಮತ್ತು ನೀರು ಇರುವ ಕಡೆ ನಾನು ಕೆರೆಗಳನ್ನೇ ಆರಿಸುತ್ತೇನೆ.

ಪ್ರಶ್ನೆ: ನನ್ನ ಮಗಳು ಬ್ಯಾಟರಿ ಸ್ಥಾವರದಲ್ಲಿ ಟೆಕ್ನಿಷಿಯನ್ ಆಗಿ ಸೇರಿದ್ದಾಳೆ. ಬೆಂಕಿಯ ಸುದ್ದಿ ಓದಿ ಭಯವಾಗುತ್ತದೆ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಒಂದು ಸೆಲ್ ಮಿತಿಮೀರಿ ಕಾದರೆ ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಶಾಖ ಹುಟ್ಟಿಸುತ್ತದೆ, ಅದು ಪಕ್ಕದ ಸೆಲ್ಲಿಗೆ ದಾಟುತ್ತದೆ. ಹೊರಬರುವ ಅನಿಲ ಉರಿಯುವಂಥದ್ದು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಹೊಗೆ ಬರುತ್ತಿದ್ದ ಬ್ಯಾಟರಿ ಕೋಣೆಯ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ, ಒಳಗೆ ಸೇರಿದ್ದ ಅನಿಲ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ತೀವ್ರವಾಗಿ ಗಾಯಗೊಂಡರು. ಜ್ವಾಲೆ ಕಾಣಿಸುತ್ತಿಲ್ಲ ಎಂಬುದು ಧೈರ್ಯಕ್ಕೆ ಕಾರಣವಾಗಬಾರದು.

ಮೊದಲ ವಾರವೇ ಮೂರು ವಿಷಯ ಕೇಳಿಕೊಳ್ಳಲು ಹೇಳಿ. ಒಳಗಿನ ಅನಿಲದ ಪ್ರಮಾಣವನ್ನು ಹೊರಗೆ ನಿಂತು ಓದುವುದು ಎಲ್ಲಿ? ಫ್ಯಾನ್ ಮತ್ತು ಗಾಳಿ ದಾರಿ ಕೊನೆಯ ಸಲ ಪರೀಕ್ಷೆಯಾದದ್ದು ಯಾವಾಗ? ಅಗ್ನಿಶಾಮಕದವರ ಬಳಿ ಸ್ಥಾವರದ ನಕ್ಷೆ ಇದೆಯೇ? ನಮ್ಮಲ್ಲಿ ಪ್ರತಿ ಬಾಗಿಲಿನ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಿದ್ದೆವು: ‘ಹೊಗೆ ಅಥವಾ ವಾಸನೆ ಬಂದರೆ ತೆರೆಯಬೇಡಿ. ದೂರ ಹೋಗಿ, ಫೋನ್ ಮಾಡಿ.’ ಅವಳು ಕೆಲಸ ಮಾಡುವ ಕಡೆ ಅಂಥ ಬರಹ ಇಲ್ಲದಿದ್ದರೆ ಮೇಲಿನವರ ಬಳಿ ಕೇಳಿ ಹಾಕಿಸಲಿ. ಹೊಸಬಳೆಂದು ಹಿಂಜರಿಯಬೇಕಿಲ್ಲ.