ಕ್ಲೌನ್ ಮೀನಿನ ಬಿಳಿ ಚುಕ್ಕೆ: ದೊಡ್ಡ ಟ್ಯಾಂಕಿಗೆ ಔಷಧ ಹಾಕಬೇಡಿ
ಉಪ್ಪಿನ ಕಾಳಿನಂಥ ಚುಕ್ಕೆ, ಮೈಯನ್ನು ಕಲ್ಲಿಗೆ ಉಜ್ಜುವುದು ಅಂದರೆ ನಿಮ್ಮ ಕ್ಲೌನ್ ಮೀನಿಗೆ ಹೆಚ್ಚಾಗಿ ಮರೈನ್ ಇಕ್ (ಪರಾವಲಂಬಿಯಿಂದ ಬರುವ ಬಿಳಿ ಚುಕ್ಕೆ ರೋಗ) ಬಂದಿದೆ. ಚುಕ್ಕೆ ತೀರಾ ಸಣ್ಣದಾಗಿ ಮೈಯೆಲ್ಲ ಹರಡಿ, ಉಸಿರಾಟ ಜೋರಾಗಿದ್ದರೆ ವೆಲ್ವೆಟ್ ಇರಬಹುದು, ಇದು ಇನ್ನೂ ಬೇಗ ಕೊಲ್ಲುವ ಮತ್ತೊಂದು ಪರಾವಲಂಬಿ ರೋಗ. ಎರಡಕ್ಕೂ ಕಾಪರ್ (ತಾಮ್ರದ) ಔಷಧವೇ, ಆದರೆ ವೆಲ್ವೆಟ್ ಆದರೆ ಇವತ್ತೇ ಶುರು ಮಾಡಿ.

ಮೊದಲು ಎಲ್ಲ ಮೀನುಗಳನ್ನೂ, ಚುಕ್ಕೆ ಇಲ್ಲದವನ್ನೂ ಸೇರಿಸಿ, ಕಲ್ಲು-ಮರಳಿಲ್ಲದ ಬೇರೆ ಟ್ಯಾಂಕಿಗೆ ಹಾಕಿ. ಕಾಪರ್ ಅಲ್ಲಿ ಮಾತ್ರ. ದೊಡ್ಡ ಟ್ಯಾಂಕಿಗೆ ಬಿದ್ದರೆ ನಿಮ್ಮ ಹವಳ, ಸಿಗಡಿ ಸಾಯುತ್ತವೆ. ಬಾಟಲಿ ಮೇಲಿನ ಪ್ರಮಾಣಕ್ಕೆ ನಿಧಾನವಾಗಿ ಏರಿಸಿ, ದಿನಾ ಟೆಸ್ಟ್ ಕಿಟ್‌ನಲ್ಲಿ ನೋಡಿ, 30 ದಿನ ಅದೇ ಪ್ರಮಾಣ ಇರುವಂತೆ ನೋಡಿಕೊಳ್ಳಿ. ನಡುವೆ ಚುಕ್ಕೆ ಮಾಯವಾದರೆ ನಂಬಬೇಡಿ, ಪರಾವಲಂಬಿ ಮೈಬಿಟ್ಟು ಕೆಳಗೆ ಇಳಿದಿರುತ್ತೆ ಅಷ್ಟೇ. ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಿ, ಮೀನು ಸಿಗದೆ ಅಲ್ಲಿ ಉಳಿದ ಪರಾವಲಂಬಿ ಸಾಯುತ್ತೆ. ಕರೆಂಟ್ ಹೋದಾಗ ಬೇಕಾಗುತ್ತೆ, ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.